ಜಂಬಕ್ಕನ ಮಾತು, ಮಾರೇಶನ ಸಹಿ

ಬಾಯಿಗೆ ಪೈಪು ಇಳಿಸಲು ಒಪ್ಪಿಗೆ ಇದೆ ಎಂದು ಸಹಿ ಹಾಕುವವರು ಯಾರೂ ಆ ಪೈಪು ನುಂಗುವವರಲ್ಲ. ನುಂಗುವವರಿಗೆ ಆ ಹೊತ್ತಿಗೆ ಮಾತು ನಿಂತಿರುತ್ತದೆ. ಇದು ನಿಮಗೆ ಗೊತ್ತಿರಬೇಕು. ನೀವೂ ಒಮ್ಮೆಯಾದರೂ ಯಾವುದೋ ಐಸಿಯು ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿರುತ್ತೀರಿ. ಪೆನ್ನು ಯಾರ ಕೈಗೆ ಬಂತು, ಎಷ್ಟು ನಿಮಿಷ ಯೋಚನೆ ಮಾಡಿದಿರಿ, ನೆನಪು ಮಾಡಿಕೊಳ್ಳಿ.

ಬುಕ್ಕಸಾಗರದ ಜಂಬಕ್ಕನಿಗೆ ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಅದರಿಂದ ಆಕೆಯ ಯಾವ ಕೆಲಸವೂ ನಿಂತಿರಲಿಲ್ಲ. ಇಪ್ಪತ್ತಾರು ವರ್ಷ ಆಕೆ ಭತ್ತದ ನಾಟಿಗೆ ಹೋಗುವ ಹೆಣ್ಣಾಳುಗಳ ಗುಂಪಿಗೆ ಮೇಸ್ತ್ರಿಯಾಗಿದ್ದವಳು. ಕಂಪ್ಲಿಯಿಂದ ಹಂಪಿಯ ಬಾಳೆತೋಟಗಳ ಅಂಚಿನವರೆಗೆ ಎಲ್ಲಿ ಕಾಲುವೆ ನೀರು ಗದ್ದೆಗೆ ಇಳಿಯುತ್ತದೋ ಅಲ್ಲೆಲ್ಲ ಜಂಬಕ್ಕನ ಗುಂಪು ಬಾಗಿ ನಿಂತಿರುತ್ತಿತ್ತು. ಆಕೆಯ ವ್ಯವಹಾರವೆಲ್ಲ ಎಲೆ-ಅಡಿಕೆಯಲ್ಲಿ. ಗದ್ದೆಯವನು ಬಂದು ಇಂಥ ದಿನ ಇಷ್ಟು ಎಕರೆ ಎಂದು ಹೇಳಿ ಎಲೆ-ಅಡಿಕೆ ಕೊಡುತ್ತಿದ್ದ. ಜಂಬಕ್ಕ ಅದನ್ನು ತನ್ನ ಹನ್ನೊಂದು ಹೆಂಗಸರಿಗೆ ಹಂಚುತ್ತಿದ್ದಳು. ಎಲೆ ಹಿಡಿದವಳು ಆ ದಿನ ಬರಲೇಬೇಕು. ಜ್ವರ ಬಂದರೆ ತಂಗಿಯನ್ನಾದರೂ ಕಳಿಸಬೇಕು. ಈ ಇಪ್ಪತ್ತಾರು ವರ್ಷಗಳಲ್ಲಿ ಎಲೆ ಹಿಡಿದು ಬಾರದೆ ಹೋದವಳು ಒಬ್ಬಳೇ. ಆಕೆಗೆ ಹಾವು ಕಚ್ಚಿತ್ತು. ಅದಕ್ಕೂ ಜಂಬಕ್ಕ ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದಳು.

ಮೂರು ವರ್ಷದ ಹಿಂದೆ ಒಂದು ದಿನ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತಳು. ಸೋಡಾ ಕುಡಿಸಿದರು. ತೇಗು ಬಂತು. ತೇಗು ಬಂದರೆ ಗ್ಯಾಸು. ನಮ್ಮ ಸೀಮೆಯ ವೈದ್ಯಶಾಸ್ತ್ರ ಅಲ್ಲಿಗೆ ಮುಗಿಯುತ್ತದೆ. ಆ ಗ್ಯಾಸು ಆಕೆಯ ಹೃದಯದ ಅರ್ಧ ಸ್ನಾಯುವನ್ನು ತಿಂದು ಹಾಕಿತ್ತೆಂದು ತಿಳಿದದ್ದು ಈಚೆಗೆ, ಕಾಲು ಬಾತು, ಮಲಗಿದರೆ ದಮ್ಮು ಕಟ್ಟಿ, ನಾಲ್ಕು ದಿಂಬು ಒಟ್ಟಿಕೊಂಡು ಕುಳಿತೇ ನಿದ್ದೆ ಮಾಡುವ ಹಾಗಾದ ಮೇಲೆ.

ಮಗ ಮಾರೇಶ್ ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಾರೇಶ್ ಸಂಡೂರಿನ ಒಂದು ಗಣಿಯಲ್ಲಿ ಅದಿರು ಹೊರುವ ಡಂಪರ್ ಲಾರಿಯ ಆಪರೇಟರ್. ದಿನಾ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಆಪರೇಟರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸುರಕ್ಷತೆಯ ಪಾಠ ಹೇಳುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಹೋದರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ಯಾರು ಯಾರಿಗೆ ಹೇಳಬೇಕು, ಎಲ್ಲಿ ಸೇರಬೇಕು. ಮಾರೇಶನಿಗೆ ಅದು ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಇನ್ನೂ ಕೆಡದ ಡಂಪರಿಗೆ ಇಷ್ಟೆಲ್ಲ ತಯಾರಿ ಮಾಡಿಕೊಂಡವನು, ಕೆಟ್ಟೇ ಹೋಗಿದ್ದ ಅವ್ವನ ಎದೆಯ ವಿಷಯಕ್ಕೆ ಏನು ಮಾಡಿದ ಕೇಳಿ.

ಹೃದಯದ ಡಾಕ್ಟರು ಕಿರಣ್ ಕುಮಾರ್ ಸ್ಕ್ಯಾನ್ ನೋಡಿ, "ಅಮ್ಮ ಸ್ವಲ್ಪ ಹೊರಗ ಕುಂದ್ರಲಿ" ಎಂದರು. ಯಾರ ಹೃದಯವೋ ಆಕೆಯನ್ನು ಹೊರಗೆ ಕೂಡಿಸಿ, ಹೃದಯದ ಮಾತು ಒಳಗೆ ನಡೆಯಿತು.

"ನೋಡ್ರಿ ಮಾರೇಶ್, ಪಂಪಿಂಗ್ ಇಪ್ಪತ್ತು ಪರ್ಸೆಂಟ್ ಐತಿ. ಗುಳಿಗೆಯಿಂದ ತಡೀಬಹುದು, ವಾಸಿ ಆಗಲ್ಲ. ವರ್ಷನೋ, ಎರಡು ವರ್ಷನೋ, ಹೇಳಾಕಾಗಲ್ಲ. ಒಮ್ಮೆಲೆ ಜೋರಾದ್ರ ಎಲ್ಲಿವರೆಗೂ ಹೋಗೋದು, ಏನು ಮಾಡೋದು ಅಂತ ಆಕಿ ಜೊತೀಗೆ ಕುಂತು ಮಾತಾಡಬೇಕು."

"ಆಕಿಗೆ ಹೇಳಬ್ಯಾಡ್ರಿ ಸರ್. ಎದಿ ಒಡಕೊಂತಾಳ."

ಡಾಕ್ಟರು ಬಾಗಿಲ ಕಡೆ ನೋಡಿದರು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಸಾವಿನ ಮಾತಿಗೆ ಅರ್ಧ ಗಂಟೆ ಬೇಕು, ಗುಳಿಗೆ ಬರೆಯಲು ಎರಡು ನಿಮಿಷ ಸಾಕು. "ಆಯ್ತು, ನಿಮ್ಮಿಷ್ಟ" ಎಂದು ಅವರು ಗುಳಿಗೆ ಬರೆದರು.

ಹೊರಗೆ ಬೆಂಚಿನ ಮೇಲಿದ್ದ ಜಂಬಕ್ಕ ಕೇಳಿದಳು. "ಏನಂತಪಾ?"

"ಗ್ಯಾಸ್ ಅಂತ ಯವ್ವಾ. ಉಪ್ಪು ಕಡಿಮಿ ಮಾಡಬೇಕಂತ. ನೀರು ದಿನಕ್ಕ ಒಂದೇ ಲೀಟರ್ ಕುಡೀಬೇಕಂತ."

"ಗ್ಯಾಸಿಗೆ ಆರು ಥರದ ಗುಳಿಗಿ?"

"ಭಾಳ ಗ್ಯಾಸ್ ಐತಂತ."

ಜಂಬಕ್ಕ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಹೆಬ್ಬೆರಳಿನಿಂದ ತನ್ನ ಪಾದದ ಮೇಲೆ ಒತ್ತಿ ನೋಡಿದಳು. ಕೆಸರಿನಿಂದ ಹೆಜ್ಜೆ ಕಿತ್ತ ಮೇಲೆ ಉಳಿಯುವ ಹಾಗೆ ಗುಂಡಿ ಹಾಗೇ ನಿಂತಿತು. ಮೊಣಕಾಲುದ್ದ ನೀರಿನಲ್ಲಿ ಆಯುಷ್ಯ ಕಳೆದವಳಿಗೆ, ನೀರು ಎಲ್ಲಿ ಬಂದು ನಿಂತಿದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಮರುದಿನ ಗುಳಿಗೆಗಳನ್ನೂ ಆಸ್ಪತ್ರೆಯ ಕಾಗದಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಊರಿನ ಸಬ್ ಸೆಂಟರಿಗೆ ಹೋದಳು. ಅಲ್ಲಿ ಬಿಪಿ, ಸಕ್ಕರೆ ನೋಡುವ ಸಿಸ್ಟರ್ ಸುಧಾರಾಣಿ ಇದ್ದಳು. ಜಂಬಕ್ಕ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದಳು.

"ಸಿಸ್ಟರ್‌ರೀ, ಇವು ಗ್ಯಾಸಿನ ಗುಳಿಗೇನ್ರಿ?"

ಸುಧಾರಾಣಿ ಕಾಗದ ಓದಿ, ಗುಳಿಗೆಗಳನ್ನು ಒಂದೊಂದೇ ಹೊರಳಿಸಿ ನೋಡಿದಳು. "ಗ್ಯಾಸ್ ಅಂತ ಯಾರಂದ್ರು?"

"ನನ್ ಮಗ."

"ಜಂಬಕ್ಕಾ, ನಿಮಗ ಎಷ್ಟು ಗೊತ್ತಾಗಬೇಕ್ರಿ? ಪೂರ್ತಿ ಹೇಳ್ಲೋ, ಸ್ವಲ್ಪ ಹೇಳ್ಲೋ?"

ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಕೇಳದಿದ್ದ ಪ್ರಶ್ನೆ ಇದು. ಕೇಳಲು ಯಾವ ಮಷೀನೂ ಬೇಕಾಗಿರಲಿಲ್ಲ.

"ಅರ್ಧ ಹಚ್ಚಿದ ಗದ್ದಿ ಯಾರಿಗ್ ಬೇಕವ್ವಾ. ಪೂರ್ತಿ ಹೇಳ್ರಿ."

ಸುಧಾರಾಣಿ ಹೇಳಿದಳು. ಜಂಬಕ್ಕ ಅಳಲಿಲ್ಲ, ಎದೆಯನ್ನೂ ಒಡೆದುಕೊಳ್ಳಲಿಲ್ಲ. ಗುಳಿಗೆಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತಾ, ತನ್ನ ಅಕ್ಕ ವಿರುಪಮ್ಮನ ಕಥೆ ತೆಗೆದಳು. ಅಕ್ಕನನ್ನು ಹನ್ನೊಂದು ದಿನ ಐಸಿಯುದಲ್ಲಿ ಇಟ್ಟಿದ್ದರು. ಗಾಜಿನಾಚೆಯಿಂದ ಆಕೆಯ ಪಾದ ಮಾತ್ರ ಕಾಣುತ್ತಿತ್ತು. ಕೊನೆಗೆ "ಮನೀಗೆ ಒಯ್ರಿ" ಎಂದರು. ಆಂಬುಲೆನ್ಸಿನಲ್ಲಿ ಬಾಯಿಗೆ ರಬ್ಬರಿನ ಬಲೂನು ಕಟ್ಟಿ, ಒಬ್ಬ ಅದನ್ನು ಒತ್ತುತ್ತಾ ಒತ್ತುತ್ತಾ ಮನೆಯವರೆಗೂ ತಂದ. ಹೊಸ್ತಿಲು ದಾಟಿದ ಮೇಲೆ ಬಲೂನು ಬಿಟ್ಟ. ಜೀವ ಮನೆಯಲ್ಲೇ ಹೋಯಿತೆಂದು ಊರಿಗೆ ಊರೇ ಸಮಾಧಾನಪಟ್ಟಿತು.

"ನಂಗ ಹಂಗ ಬ್ಯಾಡ್ರಿ," ಎಂದಳು ಜಂಬಕ್ಕ. "ಗುಳಿಗಿ ನುಂಗ್ತೀನಿ, ಸೂಜಿ ಹಾಕ್ಸಿಕೊಂತೀನಿ. ಬಾಯಾಗ ಪೈಪ್ ಮಾತ್ರ ಬ್ಯಾಡ. ಹೋಗೋದಾದ್ರ ಕುಂತು ಹೋಗ್ತೀನಿ, ಮಂದಿ ಮಾತು ಕೇಳ್ಕೊಂತ."

"ಇದನ್ನ ಬರದಿಡಾಕ ಕಾನೂನೇ ಐತ್ರಿ. ಇಬ್ಬರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಮುಂದ ಹೆಬ್ಬೆಟ್ಟು. ನಿಮಗ ಮಾತು ನಿಂತ ಮ್ಯಾಲೆ ನಿಮ್ಮ ಪರವಾಗಿ ಮಾತಾಡೋರ ಹೆಸರೂ ಬರೀಬೇಕು. ಆದ್ರ ಮದ್ಲ ಮಗನ ಜೊತಿ ಮಾತಾಡ್ರಿ."

"ಅವ ಅಳ್ತಾನ್ರಿ. ನಮ್ಮ ಪದ್ಧತಿ ಪ್ರಕಾರ ನಾನೇ ಮಾಡ್ಕೊಂತೀನಿ ಬಿಡ್ರಿ."

ಸುಧಾರಾಣಿಗೆ ಅಂದು ಮೂರು ಓಣಿಯ ಸರ್ವೆ ಬಾಕಿ ಇತ್ತು. "ಆಮೇಲೆ ಬರ್ರಿ" ಎಂದಳು. ಆಮೇಲೆ ಎಂಬುದು ಬರಲಿಲ್ಲ.

ಜಂಬಕ್ಕ ಮಾಡಿದ್ದು ಇಷ್ಟು. ಕಂಪ್ಲಿ ಕಡೆಯ ಒಂದು ಗದ್ದೆಯಲ್ಲಿ ಮಧ್ಯಾಹ್ನದ ಬುತ್ತಿ ಉಂಡ ಮೇಲೆ ಹನ್ನೊಂದು ಹೆಂಗಸರನ್ನೂ ಬದುವಿನ ಮೇಲೆ ಕೂಡಿಸಿದಳು. ತಾನು ಈಗ ನೀರಿಗೆ ಇಳಿಯುತ್ತಿರಲಿಲ್ಲ. ದಡದಲ್ಲಿ ಕುಳಿತು ಸಸಿಯ ಕಟ್ಟು ಬಿಚ್ಚಿ ಕೊಡುತ್ತಿದ್ದಳು, ಬೈಯುತ್ತಿದ್ದಳು.

"ಡಾಕ್ಟರ್ ಏನಂದಾನ ಗೊತ್ತೇನು? ನನ್ ಎದಿ ಪಂಪಿಂಗ್ ಇಪ್ಪತ್ತು ಪರ್ಸೆಂಟ್ ಐತಂತ."

ಗುಂಪಿನಲ್ಲಿ ಬಾಯಿ ಜೋರಿದ್ದವಳು ದುರುಗವ್ವ. "ನಮ್ಮ ಪಂಪ್‌ಸೆಟ್ಟಿನ ಕರೆಂಟಿಗಿಂತ ಚಲೋ ಐತಿ ಬಿಡಬೇ" ಎಂದಳು.

ಎಲ್ಲರೂ ನಕ್ಕರು. ಜಂಬಕ್ಕ ಎಲೆಯ ಸಂಚಿ ಬಿಚ್ಚಿದಾಗ ನಗು ನಿಂತಿತು. ಯಾವ ಗದ್ದೆಯೂ ಇಲ್ಲದೆ ಎಲೆ ಹಂಚುವುದನ್ನು ಅವರು ಅದೇ ಮೊದಲು ನೋಡಿದ್ದು.

"ನಂಗ ಮಾತು ನಿಂತ ದಿನ ನನ್ ಬಾಯಾಗ ಪೈಪ್ ಹಾಕಾಕ ಬಿಡಬಾರದು. ಹಿಡೀರಿ."

"ಪೈಪ್ ಹಾಕಿದ್ರ ಏನಾತಬೇ, ನಿನ್ ಬಾಯಿಗೆ ಹೆದ್ರಿ ಅದೇ ಹೊರಗ ಬರ್ತೈತಿ" ಎಂದಳು ದುರುಗವ್ವ. ಎಂದು, ಎಲ್ಲರಿಗಿಂತ ಮುಂಚೆ ಕೈ ಒಡ್ಡಿದಳು. ಕಣ್ಣು ಮಾತ್ರ ಬೇರೆ ಕಡೆ ಇತ್ತು. ಹನ್ನೊಂದೂ ಮಂದಿ ಹಿಡಿದರು.

"ಮಾರೇಶಗ?" ಎಂದು ಕೇಳಿದಳು ದುರುಗವ್ವ.

"ಅವಂಗ್ಯಾಕ? ಅವ ನನ್ ಗುಂಪಿನಾಗ ಅದಾನೇನು?"

ಅಲ್ಲಿಗೆ ಜಂಬಕ್ಕ ನಿಶ್ಚಿಂತೆಯಾದಳು. ಇಪ್ಪತ್ತಾರು ವರ್ಷ ಮುರಿಯದ ಪದ್ಧತಿ. ಇದಕ್ಕಿಂತ ಗಟ್ಟಿ ಯಾವುದಿದೆ? ಆಸ್ಪತ್ರೆಯ ಅರ್ಜಿಯಲ್ಲಿ 'ಸಂಬಂಧ' ಎಂಬ ಒಂದು ಖಾನೆ ಇರುತ್ತದೆ, ಬದುವಿನ ಮೇಲೆ ಎಲೆ ಹಿಡಿದವರನ್ನು ಆ ಖಾನೆಯಲ್ಲಿ ಬರೆಯುವುದಿಲ್ಲ ಎಂದು ಆಕೆಗೆ ಹೇಳಿದವರಿಲ್ಲ.

ಆಗಸ್ಟಿನಲ್ಲಿ, ಕೆಲಸ ಒತ್ತರಿಸಿದ ದಿನಗಳಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬದುವಿನ ಮೇಲೆ ಕೆಮ್ಮು ಶುರುವಾಯಿತು. ಎರಡು ದಿನದಿಂದ ಜ್ವರವೂ ಇತ್ತು. ಕೆಮ್ಮಿನ ಜೊತೆ ನೊರೆ ಬಂತು. ನೊರೆಗೆ ನಸುಗೆಂಪು ಬಣ್ಣವಿತ್ತು. ಹೆಂಗಸರು ಬಂದಿದ್ದ ಗೂಡ್ಸ್ ಆಟೋದಲ್ಲೇ ಆಕೆಯನ್ನು ಕೂಡಿಸಿಕೊಂಡು ಕಂಪ್ಲಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹೊಸಪೇಟೆಗೆ. ದಾರಿಯುದ್ದಕ್ಕೂ ದುರುಗವ್ವ ಆಕೆಯನ್ನು ಮಲಗಲು ಬಿಡದೆ ಹಿಂದಿನಿಂದ ಅಪ್ಪಿ ಹಿಡಿದಿದ್ದಳು. ಸಂಡೂರಿನಿಂದ ಮಾರೇಶ್ ಡ್ಯೂಟಿ ಬಟ್ಟೆಯಲ್ಲೇ ಬಂದ, ಮೈತುಂಬ ಅದಿರಿನ ಕೆಂಪು ಧೂಳು. ಪಾಪಿನಾಯಕನಹಳ್ಳಿಯಿಂದ ಜಂಬಕ್ಕನ ಅಣ್ಣ ಪಕೀರಪ್ಪ ಬಂದ.

ಎಮರ್ಜೆನ್ಸಿ ಕೋಣೆಯಲ್ಲಿ ಮುಖಕ್ಕೆ ಮಾಸ್ಕ್ ಬಿಗಿದಿದ್ದರು. ಜಂಬಕ್ಕನ ಗಂಟಲಿನಿಂದ ಮಾತು ಬರುತ್ತಿರಲಿಲ್ಲ, ಕಿವಿ ಮಾತ್ರ ನೆಟ್ಟಗಿತ್ತು. ಪರದೆಯಾಚೆ ನಡೆದದ್ದೆಲ್ಲ ಕೇಳಿಸುತ್ತಿತ್ತು.

"ಇಷ್ಟ್ಯಾಕ ಮಂದಿ ಒಳಗ ಬಂದೀರಿ? ನೀವು ಪೇಷಂಟಿಗೆ ಏನಾಗಬೇಕು?" ಸೆಕ್ಯೂರಿಟಿಯವನ ದನಿ.

"ಎಲಿ ಹಿಡದೋರು." ದುರುಗವ್ವ.

"ಏನು?"

"ಆಕಿ ಕೈಲಿ ಎಲಿ ಹಿಡದೀವಿ. ಹನ್ನೊಂದು ಮಂದಿ."

"ಹನ್ನೊಂದು ಮಂದಿಗೂ ಪಾಸ್ ಒಂದೇ. ರಕ್ತ ಸಂಬಂಧ ಇದ್ದೋರು ನಿಲ್ರಿ, ಉಳದೋರು ಗೇಟಿನ ಹೊರಗ."

ಆಮೇಲೆ ಡ್ಯೂಟಿ ಡಾಕ್ಟರರ ದನಿ. ಉಸಿರು ಸಾಲುತ್ತಿಲ್ಲ, ವೆಂಟಿಲೇಟರ್ ಹಾಕಬೇಕು, ಯಾರು ಸಹಿ ಮಾಡುತ್ತೀರಿ, ಬೇಗ. ಗೇಟಿನ ಕಡೆಯಿಂದ ದುರುಗವ್ವ ಕೂಗಿದಳು.

"ಲೇ ಮಾರೇಶಾ, ಬ್ಯಾಡಲೇ! ನಿಮ್ಮವ್ವ ಬ್ಯಾಡ ಅಂದಾಳ! ನಮ್ಮೆಲ್ಲರ ಮುಂದ ಅಂದಾಳ!"

"ನನ್ ಮುಂದ ಅಂದಿಲ್ಲಲ್ಲ!" ಎಂದ ಮಾರೇಶ್. ಅವನ ದನಿ ಚಿಕ್ಕ ಹುಡುಗನ ದನಿಯಂತೆ ಒಡೆದಿತ್ತು.

ಪಕೀರಪ್ಪ ಗದರಿದ. "ಹೆಂಗಸರ ಮಾತು ಏನ್ ಕೇಳ್ತೀಯಲೇ? ಹಾಕು ಸಹಿ. ನಾಳೆ ಮಂದಿ ಮುಂದ ಹೆಂಗ ತಿರುಗ್ತಿ?"

ಜಂಬಕ್ಕನಿಗೆ ತಾನು ಎಲ್ಲಿ ತಪ್ಪಿದೆ ಎಂಬುದು ಆ ಕ್ಷಣಕ್ಕೆ ಸ್ಪಷ್ಟವಾಗಿ ಕಂಡಿತು. ತಿದ್ದಿಕೊಳ್ಳಲು ಬಾಯಿರಲಿಲ್ಲ. ಕೈ ಎತ್ತಿ ಬೇಡ ಎಂದು ಅಲ್ಲಾಡಿಸಿದಳು. "ಅಜ್ಜಿ ಕೈ ಬಡ್ಯಾಕತ್ತಾಳ, ಹಿಡೀರಿ" ಎಂದರು ಯಾರೋ.

ಐದು ದಿನ ಪೈಪು. ಎಚ್ಚರವಾದಾಗಲೆಲ್ಲ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿರುತ್ತಿದ್ದರು, ಪೈಪು ಕಿತ್ತುಕೊಳ್ಳುತ್ತಾಳೆಂದು. ದಿನಕ್ಕೊಮ್ಮೆ ಮಾರೇಶ್ ಗೌನು ತೊಟ್ಟು ಬಂದು ಆಕೆಯ ಕಾಲು ಮುಟ್ಟಿ ಹೋಗುತ್ತಿದ್ದ. ಆಕೆ ಕಣ್ಣಿನಲ್ಲೇ ಬೈಯುತ್ತಿದ್ದಳು. ಅವನು ಅದನ್ನು ಆಶೀರ್ವಾದ ಎಂದುಕೊಳ್ಳುತ್ತಿದ್ದ.

ಆರನೆಯ ದಿನ ಆಕೆ ಬದುಕಿದಳು.

ಹೌದು, ಬದುಕಿದಳು. ಪೈಪು ತೆಗೆದರು, ವಾರ್ಡಿಗೆ ತಂದರು. ಪಕೀರಪ್ಪ ಮಂಡಕ್ಕಿ-ಮಿರ್ಚಿ ತರಿಸಿ ಎಲ್ಲರಿಗೂ ಕೊಟ್ಟು, "ನಾ ಗಟ್ಟಿ ನಿಂತೆ, ಅದಕ್ಕ ಉಳದ್ಲು" ಎಂದ. ಕಿರಣ್ ಕುಮಾರ್ ಡಾಕ್ಟರು ಮಾರೇಶನನ್ನು ಮತ್ತೆ ಕಾರಿಡಾರಿಗೆ ಕರೆದರು. ಈ ಸಲ ಪುಪ್ಪುಸದಲ್ಲಿ ಸೋಂಕಿತ್ತು, ಔಷಧ ಹಿಡಿಯಿತು. ಹೃದಯ ಹಾಗೇ ಇದೆ, ಇನ್ನೂ ಇಳಿದಿದೆ. ಮುಂದಿನ ಸಲ ಪೈಪು ಹಾಕಿದರೆ ತೆಗೆಯಲು ಆಗದೇ ಹೋಗಬಹುದು. ಎಲ್ಲವನ್ನೂ ಹೇಳಿದರು, ಕಾರಿಡಾರಿನಲ್ಲಿಯೇ.

ಮನೆಗೆ ಬಂದ ಮೂರನೆಯ ದಿನ ಜಂಬಕ್ಕನ ಗಂಟಲು ತೆರೆಯಿತು. ಮಾರೇಶ್ ಊಟಕ್ಕೆ ಕುಳಿತಿದ್ದ.

"ಗ್ಯಾಸ್ ಅಂದ್ಯಲ್ಲಪಾ?"

ಮಾರೇಶ್ ತುತ್ತು ಬಿಟ್ಟ. "ನೀ ಹೆದರ್ತಿ ಅಂತ ಹಂಗಂದೆ ಯವ್ವಾ."

"ನೀ ಅಳ್ತಿ ಅಂತ ನಾ ಹೇಳಲಿಲ್ಲ."

ಒಬ್ಬರ ಮೇಲೊಬ್ಬರಿಗೆ ಅಷ್ಟು ಮಮತೆ ಇದ್ದ ಮನೆಯದು. ನಿಜಕ್ಕೆ ಕೂರಲು ಜಾಗವೇ ಉಳಿದಿರಲಿಲ್ಲ.

"ನಿನ್ ಗುಂಪಿನ ಮಾತು ಕೇಳಿದ್ರ ಇವತ್ತು ನೀ ಫೋಟೋದಾಗ ಇರ್ತಿದ್ದಿ," ಎಂದ ಮಾರೇಶ್. ಸಿಟ್ಟಿನಲ್ಲಿ ಅಂದ. ಸುಳ್ಳೂ ಅಲ್ಲ.

"ಹೌದು. ಉಳಿಸೀಯ. ಸೋಂಕಿತ್ತಂತ, ಸಿಸ್ಟರ್ ಹೇಳಿದ್ರು. ಅದು ವಾಸಿ ಆಗಾದು ಅಂತ ಅವತ್ತೇ ಯಾರಾರ ನಂಗ ಹೇಳಿದ್ರ ನಾನೂ ಹ್ಞೂಂ ಅಂತಿದ್ನೇನೋ. ಯಾರೂ ಕೇಳಲಿಲ್ಲ. ಈಗ ಬಾಯಿ ಐತಿ, ಕೇಳು. ಇನ್ನೊಮ್ಮಿ ಬ್ಯಾಡ."

"ಅದೊಂದು ಬಿಟ್ಟು ಏನಾರ ಹೇಳು."

ಮರುದಿನ ಬೆಳಿಗ್ಗೆ ಜಂಬಕ್ಕ ಒಂದು ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ ಹೋಳು ಇಟ್ಟು, ಮಾರೇಶ್ ಬೂಟು ಬಿಚ್ಚುವ ಜಾಗದಲ್ಲಿ ಇಟ್ಟಳು. ಅವನು ನೋಡಿದ. ತಟ್ಟೆ ದಾಟಿ ಬೂಟು ಹಾಕಿಕೊಂಡು ಡ್ಯೂಟಿಗೆ ಹೋದ. ಸಂಜೆಗೆ ಎಲೆ ಬಾಡಿತು. ಸೊಸೆ ಸುಷ್ಮಿತಾ ತೆಗೆದು ಹಾಕಿದಳು. ಮರುದಿನ ಹೊಸ ಎಲೆ. ಹೀಗೆ ಒಂಬತ್ತು ದಿನ. ಆರನೆಯ ದಿನದಿಂದ ಅವನು ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದ. ಜಂಬಕ್ಕ ತಟ್ಟೆಯನ್ನು ಹಿತ್ತಿಲ ಬಾಗಿಲಿಗೆ ಇಟ್ಟಳು. ಎದೆಯ ಪಂಪಿಂಗ್ ಹದಿನೆಂಟಕ್ಕೆ ಇಳಿದಿತ್ತು, ಹಟ ನೂರಕ್ಕೆ ನೂರಿತ್ತು.

ಹತ್ತನೆಯ ದಿನ ಭಾನುವಾರ. ಸುಧಾರಾಣಿ ಅರ್ಜಿಯ ಕಾಗದ ತಂದಳು. ತಾನು 'ಆಮೇಲೆ' ಎಂದದ್ದು ಅವಳನ್ನು ಕೊರೆಯುತ್ತಿತ್ತು. ದುರುಗವ್ವನೂ ಬಂದಿದ್ದಳು. ಮಾರೇಶ್ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದ, ಬೈಕಿನ ಕೀ ತಿರುಗಿಸುತ್ತಾ.

ಸುಧಾರಾಣಿ ಒಂದೊಂದೇ ಕೇಳುತ್ತಾ ಬರೆದುಕೊಂಡಳು. "ದಮ್ಮು ಜೋರಾದ್ರ?"

"ದಮ್ಮಿಗೆ ಔಷಧಿ ಕೊಡ್ರಿ. ಒದ್ದಾಡಸಬ್ಯಾಡ್ರಿ."

"ಆಸ್ಪತ್ರಿಗೆ?"

"ಸೂಜಿ, ಆಕ್ಸಿಜನ್ನಿಗೆ ಬರ್ತೀನಿ. ಪೈಪಿಗೆ ಬರಲ್ಲ. ಎದಿ ನಿಂತ್ರ ಕುಟ್ಟೋದೂ ಬ್ಯಾಡ."

"ಮತ್ತ?"

"ಮಲಗಿಸಬ್ಯಾಡ್ರಿ. ಕುಂದ್ರಿಸ್ರಿ."

"ಇನ್ನೇನಾರ?"

"ದುರುಗಿನ್ನ ಹಾಡಾಕ ಬಿಡಬ್ಯಾಡ್ರಿ. ಅದನ್ನ ಕೇಳಿ ಸಾಯಾಕ ನನ್ ಕೈಲಿ ಆಗಲ್ಲ."

"ಬರಕೋರಿ ಸಿಸ್ಟರ್, ನಾನೂ ಸಾಕ್ಷಿ ಹಾಕ್ತೀನಿ," ಎಂದಳು ದುರುಗವ್ವ.

"ನಿಮಗ ಮಾತು ನಿಂತ್ರ ನಿಮ್ಮ ಪರವಾಗಿ ಮಾತಾಡೋರು ಯಾರ್ರಿ?"

"ದುರುಗವ್ವ," ಎಂದಳು ಜಂಬಕ್ಕ.

ಬೈಕಿನ ಕೀ ನಿಂತಿತು. "ದುರುಗವ್ವ?" ಎಂದ ಮಾರೇಶ್. "ನಾನ್ ಸತ್ತೀನೇನು? ಮಗ ಅಂತ ಮನ್ಯಾಗ ಒಬ್ಬ ಅದಾನ ಅಂತ ಗೊತ್ತೈತಿಲ್ಲೋ?"

"ಮಗ ಅದಾನ. ಅದಕ್ಕ ಅವನ ಕೈಲಿ ಆಗಲ್ಲ. ಹೋದ ಸಲ ನೋಡಿದ್ವಲ್ಲ."

"ನನ್ ಅವ್ವನ ಮಾತು ಆಡಾಕ ಆಕಿ ಯಾರು? ನಾಳೆ ಡಾಕ್ಟರ್ ಮುಂದ ನಾನ್ ಹೊರಗ ನಿಂದ್ರಬೇಕು, ಆಕಿ ಒಳಗ ಹೋಗಬೇಕು?"

"ಹೊರಗ ನಿಂತ್ರ ಹೆಂಗಿರ್ತೈತಿ ಅಂತ ನಮಗ ಗೊತ್ತೈತಪಾ" ಎಂದಳು ದುರುಗವ್ವ, ಬಹಳ ಮೆತ್ತಗೆ.

ಮಾರೇಶನ ಮುಖ ಕೆಂಪಾಯಿತು. ಅವನು ಹಿತ್ತಿಲ ಬಾಗಿಲಿಗೆ ಹೋದ. ತಟ್ಟೆಯಿಂದ ಎಲೆ-ಅಡಿಕೆ ಎತ್ತಿಕೊಂಡು ಬಂದು, ಅವ್ವನ ಎದುರು ನಿಂತು, "ಹಿಡದೀನಿ. ನನ್ ಹೆಸರು ಬರಸು," ಎಂದ. ಎಂದು, ಎಲ್ಲರೆದುರೇ ಅತ್ತ. ಅವ್ವನ ಪ್ರೀತಿಗಾಗಿ ಒಪ್ಪದವನು ದುರುಗವ್ವನ ಮೇಲಿನ ಹೊಟ್ಟೆಕಿಚ್ಚಿಗೆ ಒಪ್ಪಿದ. ಯಾವ ದಾರಿಯಿಂದಾದರೂ ಸರಿ, ಬಂದ. ಕಾಗದದಲ್ಲಿ ಇಬ್ಬರ ಹೆಸರೂ ಬಿತ್ತು, ಮಗ ಮೊದಲು. ದುರುಗವ್ವನ ಹೆಸರು ಅಲ್ಲಿ ಬಿದ್ದದ್ದರಿಂದ ಸಾಕ್ಷಿಗೆ ಗುಂಪಿನ ಬೇರೆ ಇಬ್ಬರು ಬಂದರು.

ಇನ್ನು ಉಳಿದದ್ದು ಸರ್ಕಾರದ ಮೊಹರು. ಗೆಜೆಟೆಡ್ ಅಧಿಕಾರಿಯೊಬ್ಬರು ಕನ್ನಡಕ ಏರಿಸಿ ಕಾಗದ ನೋಡಿದರು. "ಇದು ಯಾವ ಸ್ಕೀಮಮ್ಮಾ?"

"ಸಾಯೋ ಸ್ಕೀಮ್ರಿ ಸಾಹೇಬ್ರ."

ಅವರು ಗಾಬರಿಯಾಗಿ ಮೂರು ಸಲ ಕೇಳಿದರು, "ಯಾರಾದರೂ ಒತ್ತಾಯ ಮಾಡಿದ್ದಾರೇನಮ್ಮ?" ಒಳ್ಳೆಯ ಪ್ರಶ್ನೆ. ಆಗಸ್ಟಿನಲ್ಲಿ ಕೈ ಕಟ್ಟಿ ಪೈಪು ಇಳಿಸಿದ ದಿನ ಅದನ್ನು ಒಬ್ಬರಾದರೂ ಒಂದು ಸಲ ಕೇಳಬೇಕಿತ್ತು. ಕಾಗದದ ಒಂದು ಪ್ರತಿಯನ್ನು ಸ್ಥಳೀಯ ಆಡಳಿತದ ಕಚೇರಿಯಲ್ಲಿ ಇಡಬೇಕೆಂದು ನಿಯಮವಿದೆ. ಅವರು ಹೋದ ಕಚೇರಿಯ ಗುಮಾಸ್ತ ಇಂಥದ್ದನ್ನು ನೋಡಿಯೇ ಇರಲಿಲ್ಲ. ಬಹಳ ಹೊತ್ತು ಯೋಚಿಸಿ, ನಲ್ಲಿ ಸಂಪರ್ಕದ ಅರ್ಜಿಗಳ ಕಡತದಲ್ಲಿ ಸೇರಿಸಿದ.

ಮೂರನೆಯ ಪ್ರತಿ ಕಿರಣ್ ಕುಮಾರರ ಆಸ್ಪತ್ರೆಗೆ ಹೋಯಿತು. ಅವರು ಓದಿ, ಅಭ್ಯಾಸಬಲದಿಂದ ಮಾರೇಶನ ಕಡೆ ತಿರುಗಿದರು.

"ಸಾರ್, ನನ್ ಕಡಿ ನೋಡಿ ಮಾತಾಡ್ರಿ," ಎಂದಳು ಜಂಬಕ್ಕ. "ಎದಿ ನಂದು."

ಡಾಕ್ಟರು ಕುರ್ಚಿ ತಿರುಗಿಸಿದರು. ಮಾತು ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬರೂ ಅಷ್ಟರಲ್ಲಿ ಸಾಯಲಿಲ್ಲ. ಕೊನೆಗಾಲದ ದಮ್ಮಿಗೆ ಏನು ಕೊಡಬೇಕೆಂದು ಅವರು ಸುಧಾರಾಣಿಗೆ ಬರೆದುಕೊಟ್ಟರು.

ಜನವರಿ ಕೊನೆಯ ವಾರ, ಎರಡನೆಯ ಬೆಳೆಯ ನಾಟಿ ನಡೆದಿತ್ತು. ಒಂದು ಬೆಳಿಗ್ಗೆ ಎಂಟಕ್ಕೆ ದಮ್ಮು ಏರಿತು, ಈ ಸಲ ಇಳಿಯದ ಹಾಗೆ. ಸುಧಾರಾಣಿ ಸ್ಕೂಟರಿನಲ್ಲಿ ಬಂದಳು, ಡಾಕ್ಟರಿಗೆ ಫೋನ್ ಮಾಡಿದಳು, ಔಷಧ ಕೊಟ್ಟಳು. ಒದ್ದಾಟ ತಗ್ಗಿತು. ಹಿಂದಿನ ದಿನ ತಂಗಿಯನ್ನು ನೋಡಲು ಬಂದಿದ್ದ ಪಕೀರಪ್ಪ ಅಂಗಳದಲ್ಲಿ ನಿಂತು ಫೋನ್ ತೆಗೆದು ಒನ್ ನಾಟ್ ಏಟ್ ಒತ್ತತೊಡಗಿದ. ಮಾರೇಶ್ ಹೋಗಿ ಅವನ ಕೈಯಿಂದ ಫೋನ್ ತೆಗೆದುಕೊಂಡ.

"ಬ್ಯಾಡ ಮಾಮ."

"ತಾಯಿನ್ನ ಕೊಲ್ತೀಯೇನಲೇ?"

"ಆಕಿ ಬ್ಯಾಡ ಅಂದಾಳ. ನನ್ ಮುಂದ ಅಂದಾಳ."

ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. ಇಳಿಜಾರಿನಲ್ಲಿ ಬ್ರೇಕ್ ಹೋದರೆ ಏನು ಮಾಡಬೇಕೆಂದು ಬಾಯಿಪಾಠ ಮಾಡಿದವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಒಳಗೆ ಜಂಬಕ್ಕ ದುರುಗವ್ವನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಮನೆತುಂಬ ಹೆಂಗಸರು. ದುರುಗವ್ವ ಹಾಡಲಿಲ್ಲ, ಊರಿನವರ ಚಾಡಿ ಮಾತ್ರ ಹೇಳುತ್ತಿದ್ದಳು.

"ಇವತ್ತು ಯಾವ ಗದ್ದಿ?" ಎಂದಳು ಜಂಬಕ್ಕ, ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತಾ.

"ಕಂಪ್ಲಿದು. ಅವ್ರು ಕಾಯ್ತಾರ ಬಿಡಬೇ."

"ಎಲಿ ಹಿಡದೀರಿ. ಹೋಗ್ರಿ."

ಮೇಸ್ತ್ರಿಯ ಮಾತು. ಆರು ಮಂದಿ ಕಣ್ಣೊರೆಸಿಕೊಂಡು ಎದ್ದು ಹೋದರು, ಐವರು ಉಳಿದರು. ಮಾರೇಶ್ ಬಂದು ಅವ್ವನ ಎದುರು ಕುಳಿತು ಎರಡೂ ಕೈ ಹಿಡಿದುಕೊಂಡ. ಆ ಕೈಗಳನ್ನು ಯಾರೂ ಎಲ್ಲಿಗೂ ಕಟ್ಟಿರಲಿಲ್ಲ. ಹನ್ನೊಂದೂವರೆಗೆ ಉಸಿರು ನಿಂತಿತು. ಬೆನ್ನು ಕೊಟ್ಟಿದ್ದ ದುರುಗವ್ವನಿಗೆ ಮೊದಲು ತಿಳಿಯಿತು. ಆದರೂ ಸ್ವಲ್ಪ ಹೊತ್ತು ಚಾಡಿ ಮುಂದುವರಿಸಿದಳು.

ಮಾರೇಶ್ ಕೊಟ್ಟ ಮಾತು ಉಳಿಸಿಕೊಂಡ. ಆಗಸ್ಟಿನಲ್ಲಿ ಸಹಿ ಹಾಕಿ ಅವ್ವನ ಕೈ ಕಟ್ಟಿಸಿದಾಗ ಊರು ಅವನನ್ನು ಹೊಗಳಿತ್ತು: ಮಗ ಅಂದ್ರ ಹಿಂಗಿರಬೇಕು. ಜನವರಿಯಲ್ಲಿ ಅದೇ ಊರು ಹೋಟೆಲಿನಲ್ಲಿ ಚಹಾ ಹೀರುತ್ತಾ ಕೇಳಿತು: "ಏನಪಾ ಮಾರೇಶಾ, ಅವ್ವನ್ನ ಆಸ್ಪತ್ರಿಗೆ ಒಯ್ಯಲಿಲ್ಲಂತಲ್ಲ?" ಮೊದಮೊದಲು ಅವನು ಜೇಬಿನಿಂದ ಕಾಗದ ತೆಗೆದು ತೋರಿಸುತ್ತಿದ್ದ. ಯಾರೂ ಓದಲಿಲ್ಲ. ಪಕೀರಪ್ಪ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ. ಈಗ ಮಾರೇಶ್ ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟಿದ್ದಾನೆ.

ಆ ಪ್ರಶ್ನೆ ಕೇಳಿದವರು ನೀವೇ. ಬುಕ್ಕಸಾಗರದವರಲ್ಲದಿದ್ದರೂ ನೀವೇ, ನಿಮ್ಮೂರಿನ ಹೋಟೆಲಿನಲ್ಲಿ ಇನ್ಯಾರನ್ನೋ ಕೇಳಿರುತ್ತೀರಿ. ನಿಮ್ಮ ಮನೆಯಲ್ಲಿಯೂ ನಾಲ್ಕು ದಿಂಬು ಒಟ್ಟಿಕೊಂಡು ಕುಳಿತೇ ಮಲಗುವ ಒಬ್ಬರಿದ್ದಾರೆ. ಅವರಿಗೆ ನೀವೂ ಗ್ಯಾಸ್ ಎಂದೇ ಹೇಳಿದ್ದೀರಿ. ಅವರಿಗೆ ಏನು ಬೇಕು, ಏನು ಬೇಡ, ನಿಮಗೆ ಗೊತ್ತಿಲ್ಲ. ಇಷ್ಟು ಓದಿದ್ದು ಸಾಕು. ಏಳಿ. ಅವರ ಎದುರು ಹೋಗಿ ಕುಳಿತು, ನಿಜ ಹೇಳಿ, ಕೇಳಿ: "ನಿನಗೆ ಮಾತು ನಿಂತ ದಿನ ನಾನು ಏನು ಮಾಡಲಿ?" ಅವರು ಬೈದರೂ, ಅತ್ತರೂ, ಮಾತು ತಪ್ಪಿಸಿದರೂ ಜಾಗ ಬಿಟ್ಟು ಏಳಬೇಡಿ. ಉತ್ತರ ಬಂದ ಮೇಲೆ, ಅದು ನಿಮಗೆ ಹಿಡಿಸಲಿ ಬಿಡಲಿ, ಅವರ ಮಾತಿನಲ್ಲೇ ಬರೆದು, ಇಬ್ಬರು ಸಾಕ್ಷಿಗಳನ್ನು ಕರೆಯಿರಿ. ಇವತ್ತೇ.